ನೀರು ಎಲ್ಲಿಗೆ ಹೋಗುತ್ತೆ?

ಎಲ್ಲರಿಗೂ ನಮಸ್ಕಾರ.

ಇವತ್ತು ಏಪ್ರಿಲ್ 18, ವಿಶ್ವ ಪರಂಪರೆಯ ದಿನ. ನನ್ನನ್ನು ನೆನಪಿಟ್ಟುಕೊಂಡು ಕರೆದಿದ್ದೀರಿ, ಶಾಲು ಹೊದಿಸಿದ್ದೀರಿ. ತುಂಬ ಸಂತೋಷ. ಆದರೆ ನನ್ನ ತಲೆಯಲ್ಲಿ ಓಡುತ್ತಿರುವುದು ಬೇರೆ ಲೆಕ್ಕ. ಇನ್ನು ಹತ್ತು ದಿನಕ್ಕೆ ಭರಣಿ ಮಳೆ ಶುರು. ನಮ್ಮ ಮೈಸೂರಿನಲ್ಲಿ ಎಷ್ಟು ಹಳೆಯ ಕಟ್ಟಡಗಳ ತಾರಸಿಯನ್ನು ಈ ವರ್ಷ ಯಾರಾದರೂ ಹತ್ತಿ ನೋಡಿದ್ದಾರೆ?

ನಿಮ್ಮ ಹಾಗೇ ಆರ್ಕಿಟೆಕ್ಚರ್ ಓದುವ ಮಕ್ಕಳಿಗೆ ಮೂವತ್ತು ವರ್ಷಕ್ಕೂ ಜಾಸ್ತಿ ಪಾಠ ಹೇಳಿದೆ. ಪ್ರತಿ ಹೊಸ ಬ್ಯಾಚಿಗೂ ಮೊದಲ ದಿನ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಈ ಕಟ್ಟಡದ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತೆ? ಕಟ್ಟಿಸಿದವರು ಯಾರು, ಶೈಲಿ ಯಾವುದು, ಅದೆಲ್ಲ ಆಮೇಲೆ. ಕಟ್ಟಡ ಮುಪ್ಪಿನಿಂದ ಸಾಯುವುದು ಕಡಿಮೆ. ಜಾಸ್ತಿ ಸಾಯುವುದು ನೀರಿನಿಂದ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಹೋದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಕಡೆಯ ಹೆಬ್ಬಾಗಿಲು ಬಿತ್ತು. ಅದೂ ಆಗಸ್ಟ್‌ನಲ್ಲೇ. ಕಾರಣಗಳು ಹಲವಾರು ಇರಬಹುದು. ಆದರೆ ತಿಂಗಳು ನೋಡಿ. ಎರಡೂ ಮಳೆಗಾಲದಲ್ಲಿ ಬಿದ್ದವು, ಅಲ್ವಾ?

ಇದು ನನ್ನ ತಲೆಗೆ ಹೋಗಿದ್ದು ಪುಸ್ತಕದಿಂದಲ್ಲ. ಆ ಕಥೆ ಹೇಳಲೇಬೇಕು.

1980ರ ದಶಕ. ನಾನು ಹೊಸದಾಗಿ ಮೇಷ್ಟ್ರಾಗಿದ್ದೆ. ಮಂಡ್ಯದ ಕಡೆಯ ಒಂದು ಹಳ್ಳಿಯವರು ತಮ್ಮ ದೇವಸ್ಥಾನ ನೋಡಿ ಅಂತ ಕರೆದರು. ಇಟ್ಟಿಗೆಯ ಗೋಪುರ, ಮೇಲೆ ಗಾರೆ. ಅಲ್ಲಲ್ಲಿ ಬಿರುಕು, ಸಂದಿನಲ್ಲಿ ಅರಳಿ ಗಿಡ. ಪಾಪ, ಊರವರು ಮನೆಮನೆಗೆ ಹೋಗಿ ಹಣ ಕೂಡಿಸಿದ್ದರು. ಸಂದುಗಳಿಗೆಲ್ಲ ಸಿಮೆಂಟ್ ತುಂಬಿಸಿ, ಗಟ್ಟಿಯಾಗುತ್ತೆ ಅಂದೆ. ಕಾಲೇಜಿನಲ್ಲಿ ಕಲಿತದ್ದೇ ಅಷ್ಟು. ನನ್ನ ಮಾತು ನಂಬಿ ಮಾಡಿಸಿದರು.

ಐದು ವರ್ಷ ಬಿಟ್ಟು ಮತ್ತೆ ಕರೆ ಬಂತು. ಈ ಸಲ ಗೋಪುರದ ಕೆಳಗೆ ಒಬ್ಬ ಹಿರಿಯರು ಕೂತಿದ್ದರು. ಜೀವನವಿಡೀ ಗಾರೆ ಕೆಲಸ ಮಾಡಿದವರು. ಎಲ್ಲರೂ ತಾತ ಅಂತಲೇ ಕರೆಯುತ್ತಿದ್ದರು. ಸಾರವೆ ಹತ್ತಿಸಿಕೊಂಡು ಹೋಗಿ, ಕರಣೆಯ ಹಿಡಿಯಿಂದ ಗೋಡೆಗೆ ಒಂದು ಏಟು ಕೊಟ್ಟರು. ಒಳಗೆಲ್ಲ ಟೊಳ್ಳು. ಸಿಮೆಂಟಿನ ಒಂದು ಚಕ್ಕೆ ಕಿತ್ತು, ಅದರ ಹಿಂದಿನದನ್ನು ಕೆರೆದು ನನ್ನ ಅಂಗೈಗೆ ಹಾಕಿದರು. ಕೆಂಪು ಪುಡಿ. "ನಿಮ್ಮ ಸಿಮೆಂಟ್ ಗಟ್ಟಿಯಾಗೇ ಅದೆ ಮೇಷ್ಟ್ರೇ. ಇಟ್ಟಿಗೆ ರಾಗಿ ಹಿಟ್ಟಾಗೋಗದೆ" ಅಂದರು. ಬೈಯಲಿಲ್ಲ. ಇದ್ದದ್ದನ್ನು ಹೇಳಿದರು, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗಿದ್ದು ಇಷ್ಟು. ಮೇಲಿನಿಂದ ನೀರು ಒಳಗೆ ಇಳಿಯುತ್ತದೆ. ಮೊದಲು ಅದು ಸುಣ್ಣದ ಸಂದಿನಿಂದ ಆರಿ ಹೊರಗೆ ಹೋಗುತ್ತಿತ್ತು. ಆ ದಾರಿಯನ್ನು ನಾನು ಸಿಮೆಂಟಿನಿಂದ ಮುಚ್ಚಿಸಿದೆ. ಆಗ ನೀರು ಇಟ್ಟಿಗೆಯ ಮೂಲಕವೇ ಹೊರಗೆ ಬರಬೇಕಾಯಿತು. ನೀರು ಆರುತ್ತದೆ, ಅದರೊಳಗಿನ ಉಪ್ಪು ಆರುವುದಿಲ್ಲ. ಇಟ್ಟಿಗೆಯ ಒಳಗೇ ಹರಳುಗಟ್ಟಿ ಅದನ್ನು ಒಡೆಯುತ್ತದೆ. ಸುಣ್ಣದ ಗಾರೆಯಾದರೆ ಮೊದಲು ತಾನು ಸವೆಯುತ್ತದೆ, ಇಟ್ಟಿಗೆಯನ್ನು ಉಳಿಸುತ್ತದೆ. ಗಾರೆಯನ್ನು ಇನ್ನೊಂದು ಸಲ ಹಾಕಬಹುದು. ಮುನ್ನೂರು ವರ್ಷದ ಇಟ್ಟಿಗೆಯನ್ನು ಎಲ್ಲಿಂದ ತರುತ್ತೀರಿ?

ಮುಂದಿನ ಬೇಸಿಗೆ ರಜೆ ಪೂರ್ತಿ ತಾತನ ಜೊತೆ ಇದ್ದೆ. ನನ್ನ ನಿಜವಾದ ಓದು ಆಗ ಶುರುವಾಯಿತು. ಸುಣ್ಣವನ್ನು ಗುಂಡಿಯಲ್ಲಿ ವಾರಗಟ್ಟಲೆ ನೆನೆಹಾಕಿಸಿದರು. ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರನ್ನು ಮೂಗಿನ ಹತ್ತಿರ ಹಿಡಿದು, ಹದ ಬಂದಿದೆಯಾ ಹೇಳಿ ಅನ್ನುವರು. ವಾಸನೆ ನೋಡಿ ಹದ ಹೇಳುವುದು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ! ಬೆಲ್ಲಕ್ಕೆ ಇರುವೆ ಬರಲ್ವಾ ತಾತ ಅಂದೆ. "ಬರ್ತವೆ. ಸುಣ್ಣ ಮುಟ್ಟಿ ವಾಪಸ್ ಹೋಯ್ತವೆ" ಅಂದರು. ಸುಮ್ನೆ ಹೇಳಿದರೋ ನಿಜವೋ ಅಂತ ಅರ್ಧ ದಿನ ಇರುವೆ ಕಾದಿದ್ದೇನೆ.

ಅರಳಿ ಗಿಡದ ವಿಷಯವೂ ಅಲ್ಲೇ ಗೊತ್ತಾಗಿದ್ದು. ಪೂಜೆ ಮಾಡುವ ಗಿಡ, ಕೀಳಲು ಊರವರಿಗೆ ಮನಸ್ಸು ಬಾರದು. ತಾತ ಏನು ಮಾಡುತ್ತಿದ್ದರು ಗೊತ್ತಾ? ಗಿಡ ಎರಡೆಲೆ ಇರುವಾಗಲೇ ಬೇರು ಸಮೇತ ಎತ್ತಿ, ಕೆರೆ ಏರಿಯ ಮೇಲೆ ನೆಡಿಸುತ್ತಿದ್ದರು. ಗೋಪುರವೂ ಉಳಿಯಿತು, ಜನರ ಮನಸ್ಸೂ ಉಳಿಯಿತು. ಎರಡು ಮಳೆಗಾಲ ಬಿಟ್ಟರೆ ಬೇರು ಗೋಡೆಯೊಳಗೆ ಹೋಗಿರುತ್ತದೆ. ಆಮೇಲೆ ಕಡಿದರೂ ಚಿಗುರುತ್ತದೆ. ಬೇರಿನ ಹಿಂದೆಯೇ ನೀರು. ಮತ್ತೆ ಅದೇ ಪ್ರಶ್ನೆಗೆ ಬಂದೆವು.

ಸುಣ್ಣ ಬಿಟ್ಟರೆ ಮಾತಿಲ್ಲವಾ ಮೇಷ್ಟ್ರಿಗೆ ಅಂದುಕೊಳ್ಳಬೇಡಿ. ಗಟ್ಟಿಯಾದದ್ದೆಲ್ಲ ಒಳ್ಳೆಯದು ಅನ್ನುವ ನಂಬಿಕೆ ಅಥೆನ್ಸಿನಲ್ಲೂ ಇತ್ತು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಪಾರ್ಥೆನಾನ್ ದೇಗುಲದ ಕಲ್ಲುಗಳನ್ನು ಬಾಲಾನೋಸ್ ಎಂಬ ಎಂಜಿನಿಯರ್ ಕಬ್ಬಿಣದ ಪಟ್ಟಿಗಳಿಂದ ಬಿಗಿದರು. ಹಿಂದಿನ ಗ್ರೀಕರೂ ಕಬ್ಬಿಣ ಬಳಸಿದ್ದರು, ಆದರೆ ಸುತ್ತ ಸೀಸ ಹೊಯ್ದಿದ್ದರು. ಆ ಸೀಸ ಇವರ ಕೆಲಸದಲ್ಲಿ ಬಿಟ್ಟುಹೋಯಿತು. ನೀರು ಇಳಿಯಿತು, ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ಅಮೃತಶಿಲೆ ಸೀಳಿತು. 1975ರಲ್ಲಿ ಇದಕ್ಕೆ ಸಮಿತಿ ಮಾಡಿದರು. ಆ ಕಬ್ಬಿಣ ತೆಗೆದು ಟೈಟಾನಿಯಂ ಹಾಕುವ ಕೆಲಸ ವರ್ಷಗಟ್ಟಲೆ ನಡೆಯಿತು. ರಿಪೇರಿಯನ್ನೇ ರಿಪೇರಿ ಮಾಡುವುದಿದೆಯಲ್ಲ, ನಮ್ಮ ವೃತ್ತಿಯ ಅರ್ಧ ಆಯಸ್ಸು ಅದರಲ್ಲೇ ಹೋಗುತ್ತದೆ.

ಚೀಟಿ ಬಂತು. ಐದು ನಿಮಿಷ ಅಂತ. ಹಂಪಿಯ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲೇ ಹತ್ತಿರ ಹೊಸ ಸೇತುವೆ ಕಟ್ಟಲು ಹೊರಟ ಗಲಾಟೆಯಲ್ಲಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಹೋಯಿತು, 2006ರಲ್ಲಿ ಹೊರಗೆ ಬಂತು. ಅಲ್ಲಿ ವರ್ಷಗಟ್ಟಲೆ ಬಿಸಿಲಲ್ಲಿ ಕಲ್ಲು ಕಲ್ಲು ಅಳೆದು ನಕ್ಷೆ ಮಾಡಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರ ಕೆಲಸ ಓದಿಕೊಳ್ಳಿ. ದುರಸ್ತಿಗೆ ಮುಂಚೆ ಅಳತೆ, ಅದನ್ನು ಮರೆಯಬೇಡಿ. ಕಾನೂನಿನದು ಒಂದೇ ಮಾತು. ಕೇಂದ್ರದ ರಕ್ಷಣೆಯ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ. ಆದರೆ ನಮ್ಮ ಹಳೆಯ ಮನೆ, ಮಾರುಕಟ್ಟೆ, ಶಾಲೆಗಳಲ್ಲಿ ಹೆಚ್ಚಿನವು ಕೇಂದ್ರದ ಆ ರಕ್ಷಣೆಯ ಪಟ್ಟಿಯಲ್ಲೇ ಇಲ್ಲ. ಅವನ್ನು ನೋಡಿಕೊಳ್ಳಬೇಕಾದವರು ನಾವೇ. ದುಡ್ಡಿನ ವಿಷಯ ಬಿಡುತ್ತೇನೆ, ಪ್ರಶ್ನೆಗಳಲ್ಲಿ ಕೇಳಿ.

ಈಗ ಒಂದು ಕೆಲಸ. ಈ ಸಭಾಂಗಣಕ್ಕೆ ಬರುವಾಗ ನಿಮ್ಮ ಹಳೆಯ ಬ್ಲಾಕಿನ ಮೂಲೆಯಲ್ಲಿ ಗೋಡೆಯುದ್ದಕ್ಕೂ ಹಸಿರು ಪಾಚಿ ಕಂಡೆ. ಮೇಲೆ ಮದ್ರಾಸ್ ತಾರಸಿ, ಅಂದರೆ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿ ಮಾಡುವ ಹಳೆಯ ಬಗೆಯದು; ಕೆಳಗೆ ತೇಗದ ತೊಲೆ. ನೀರು ಹೋಗುವ ಕಂಡಿಗೆ ಎಲೆ ಕಟ್ಟಿಕೊಂಡಿದೆ ಅಂತ ನನ್ನ ಅನುಮಾನ. ಪ್ರಾಂಶುಪಾಲರು ತಾರಸಿಯ ಬೀಗದ ಕೈ ಕೊಡಲು ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ಏಳಕ್ಕೆ, ಬಿಸಿಲು ಏರುವ ಮುಂಚೆ ಬನ್ನಿ. ಒಂದು ಪೊರಕೆ, ಒಂದು ಉದ್ದ ಕೋಲು, ನಾಲ್ಕು ಬಕೆಟ್ ನೀರು ಸಾಕು. ಕಂಡಿ ಬಿಡಿಸಿ, ಮೇಲಿನಿಂದ ನೀರು ಸುರಿದು ನೋಡೋಣ. ಇಬ್ಬರು ಕೆಳಗೆ ನಿಂತಿರಿ, ಎಲ್ಲಿ ಬರುತ್ತೆ ಅಂತ ಕೂಗಿ ಹೇಳಬೇಕು.