ಇಷ್ಟೇ ಉದ್ದ ಸಾಕು ಅಂತ ಕೋಶಕ್ಕೆ ಹೇಳುವವರು ಯಾರು?

ಸ್ಕ್ರೀನ್ ಮೇಲೆ ಓಡುತ್ತಿರುವ ಈ ಹಸಿರು ಚುಕ್ಕೆ ಇದೆಯಲ್ಲ, ಇದು ಕ್ಲಾಮಿಡೊಮೊನಾಸ್. ಒಂದೇ ಕೋಶದ ಪಾಚಿ. ಮುಂದೆ ಎರಡು ಎಳೆಗಳಿವೆ ನೋಡಿ, ಅವೇ ಫ್ಲಜೆಲ್ಲಾ. ಎರಡನ್ನೂ ಒಟ್ಟಿಗೆ ಬೀಸಿಕೊಂಡು ನೀರಲ್ಲಿ ಹೋಗುತ್ತದೆ. ಒಂದೊಂದೂ ಸುಮಾರು 10ರಿಂದ 12 ಮೈಕ್ರಾನ್ ಉದ್ದ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಎರಡೂ ಸರಿಸಮ.

ನನ್ನ ತಲೆಗೆ ಹುಳ ಬಿಟ್ಟಿದ್ದು 1969ರ ಒಂದು ಪ್ರಯೋಗ. ಕೋಶವಿಜ್ಞಾನಿ ಜೋಯೆಲ್ ರೋಸೆನ್‌ಬಾಮ್ ಮತ್ತು ಜೊತೆಯವರು ಒಂದು ಎಳೆಯನ್ನು ಮಾತ್ರ ತುಂಡು ಮಾಡಿ ನೋಡಿದರು. ತುಂಡಾದದ್ದು ಮತ್ತೆ ಬೆಳೆಯಿತು, ಅದು ಸರಿ. ಆದರೆ ಏನೂ ಪೆಟ್ಟಾಗದ ಇನ್ನೊಂದು ಎಳೆ ಸುಮ್ನೆ ಗಿಡ್ಡ ಆಗುತ್ತಾ ಬಂತು! ಎರಡೂ ಒಂದೇ ಉದ್ದಕ್ಕೆ ಬಂದ ಮೇಲೆ ಜೊತೆಯಾಗಿ ಬೆಳೆದು, ಹಳೆಯ ಅಳತೆಗೆ ಬಂದು ನಿಂತವು.

ಡೊಂಬಿವಿಲಿಯ ನಮ್ಮ ಅತ್ತೆಗೆ ಇದನ್ನು ಹೇಳಿದೆ. "ಅಲ್ಲ ಮಾರಾಯ್ತಿ, ಇಷ್ಟು ಸಾಕು ಅಂತ ಅದಕ್ಕೆ ಗೊತ್ತಾಗುವುದು ಹೇಗೆ?" ಅಂದರು. ಸರಿಯಾದ ಪ್ರಶ್ನೆ.

ಅದಕ್ಕೇ ಈಗ ಮುಂಬೈಯ ದಾದರ್ ಸ್ಟೇಷನ್ ಸೇತುವೆ ಮೇಲೆ ನಿಂತಿದ್ದೇನೆ. ಆ ಎಳೆಯ ಒಳಗೆ ಸಾಮಾನು ಹೊತ್ತ ಪ್ರೋಟೀನ್ ಸಾಲುಗಳು ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಓಡಾಡುತ್ತಲೇ ಇರುತ್ತವೆ, ವಿಜ್ಞಾನಿಗಳೂ ಅವನ್ನು ಟ್ರೇನ್ ಅಂತಲೇ ಕರೆಯುತ್ತಾರೆ. 1993ರಲ್ಲಿ ರೋಸೆನ್‌ಬಾಮ್ ಲ್ಯಾಬಿನವರೇ ಇದನ್ನು ಮೊದಲು ಕಂಡದ್ದು. ತುದಿಯ ಕಡೆಗೆ ಹೋಗುವ ವೇಗ ಸೆಕೆಂಡಿಗೆ ಸುಮಾರು 2 ಮೈಕ್ರಾನ್, ಅಂದರೆ ಐದಾರು ಸೆಕೆಂಡಿನಲ್ಲಿ ಲೈನ್ ಮುಗಿಯಿತು. ಕಟ್ಟುವ ಕೆಲಸ ತುದಿಯಲ್ಲಿ. ಕಳಚುವುದೂ ಅಲ್ಲೇ, ಅದು ನಿಲ್ಲುವುದೇ ಇಲ್ಲ.

ಈಗ ಯೋಚಿಸಿ. ಇರುವಷ್ಟೇ ಗಾಡಿಗಳನ್ನು ಚರ್ಚ್‌ಗೇಟಿನಿಂದ ಅಂಧೇರಿವರೆಗೆ ಓಡಿಸಿದರೆ ಒಂದರ ಹಿಂದೆ ಒಂದು ಬರುತ್ತವೆ, ಇನ್ನೂ ದೂರದ ವಿರಾರ್ ತನಕ ಓಡಿಸಿದರೆ ಕಾಯಬೇಕು ಅಲ್ವಾ? ಎಳೆ ಉದ್ದವಾದಷ್ಟೂ ತುದಿಗೆ ಮುಟ್ಟುವ ಸಾಮಾನು ಕಡಿಮೆ. ಕಟ್ಟುವುದು ನಿಧಾನವಾಗಿ ಕಳಚುವುದಕ್ಕೆ ಸಮ ಆದಲ್ಲಿ ಉದ್ದ ನಿಂತುಬಿಡುತ್ತದೆ. ಯಾರೂ ಅಳೆಯುವುದೇ ಬೇಡ! 2001ರಲ್ಲಿ ವ್ಯಾಲೇಸ್ ಮಾರ್ಷಲ್ ಮತ್ತು ರೋಸೆನ್‌ಬಾಮ್ ಮುಂದಿಟ್ಟ ಲೆಕ್ಕ ಇದು. ನನಗೆ ಇದಕ್ಕಿಂತ ಚೆಂದದ ಉತ್ತರ ಕಂಡಿಲ್ಲ, ಆದರೆ ಪೂರ್ತಿ ಕಥೆ ಇಷ್ಟೇ ಅಲ್ಲ. ಕೆಲವು ಜೀನ್ ಕೆಟ್ಟರೆ ಎಳೆಗಳು ಎರಡು ಪಟ್ಟು ಉದ್ದಕ್ಕೂ ಬೆಳೆದುಬಿಡುತ್ತವೆ, ಹಾಗಾಗಿ ಇದರ ಮೇಲೆ ಹಿಡಿತ ಇಡುವ ಪ್ರೋಟೀನುಗಳು ಬೇರೆಯೇ ಇವೆ.

ಪಾಚಿ ಕಟ್ಟಿಕೊಂಡು ನಮಗೇನು ಅನ್ನಬೇಡಿ. ನಮ್ಮ ಕಿಡ್ನಿಯ ಕೋಶಗಳಲ್ಲೂ ಇಂಥದೇ ಪುಟ್ಟ ಎಳೆ ಇದೆ. ಈ ಟ್ರೇನಿನ ಒಂದು ಪ್ರೋಟೀನ್ ಕೆಟ್ಟ ಇಲಿಗಳಲ್ಲಿ ಆ ಎಳೆ ಗಿಡ್ಡ ಉಳಿದು, ಕಿಡ್ನಿಯಲ್ಲಿ ನೀರುತುಂಬಿದ ಗುಳ್ಳೆಗಳು ಏಳುತ್ತವೆ ಅಂತ 2000ದಲ್ಲಿ ಗೊತ್ತಾಯಿತು. ಪಾಚಿಯಲ್ಲಿ ಅದೇ ಪ್ರೋಟೀನ್ ಇಲ್ಲದಿದ್ದರೆ ಫ್ಲಜೆಲ್ಲಾ ಬೆಳೆಯುವುದೇ ಇಲ್ಲ.