ಕಾಯಿಲೆ ಯಾವ ಗುಂಪಿನದು ಅಂತ ಯಾಕೆ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ಕಾಯಿಲೆಗಳನ್ನು ಹೇಗೆ ಗುಂಪು ಮಾಡುತ್ತಾರೆ ಅನ್ನೋದು ಇವತ್ತಿನ ವಿಷಯ. ಸುಮ್ನೆ ಪಟ್ಟಿ ಓದೋದು ಬೇಡ, ಶಿವಮೊಗ್ಗ ಜಿಲ್ಲೆಯ ಎರಡು ಕಾಯಿಲೆಗಳನ್ನು ನೋಡೋಣ.

ಹಿಂದೆ ಕಣ್ಣಿಗೆ ಕಾಣುವ ಲಕ್ಷಣದಿಂದಲೇ ಕಾಯಿಲೆಗೆ ಹೆಸರಿಡುತ್ತಿದ್ದರು. ಆದರೆ ಡೆಂಗಿ, ಮಲೇರಿಯಾ, ಟೈಫಾಯ್ಡ್ ಮೂರರಲ್ಲೂ ಜ್ವರ ಬರುತ್ತದೆ ಅಲ್ವಾ? ಮೊದಲನೆಯದಕ್ಕೆ ಕಾರಣ ವೈರಸ್, ಎರಡನೆಯದಕ್ಕೆ ಪರಾವಲಂಬಿ ಜೀವಿ, ಮೂರನೆಯದಕ್ಕೆ ಬ್ಯಾಕ್ಟೀರಿಯಾ. ಒಂದರ ಔಷಧಿ ಇನ್ನೊಂದಕ್ಕೆ ನಡೆಯಲ್ಲ. ಅದಕ್ಕೇ ಈಗ ಸಾಧ್ಯವಾದಲ್ಲೆಲ್ಲ ಕಾರಣ ನೋಡಿ ಗುಂಪು ಮಾಡುತ್ತಾರೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಯವರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಕಾರಣ ವೈರಸ್, ಹಾಗಾಗಿ ಇದು ಸೋಂಕು. ಸೋಂಕು ಅಂದ ಕೂಡಲೇ ರೋಗಿಯ ಹತ್ತಿರ ಹೋಗಲು ಜನ ಹೆದರುತ್ತಾರೆ. ಆದರೆ ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಮುಖ್ಯವಾಗಿ ಕಾಡಿನ ಉಣುಗು ಕಚ್ಚಿ ಬರುತ್ತದೆ. ಕ್ಷಯ ಗಾಳಿಯಿಂದ, ಕಾಲರಾ ನೀರಿನಿಂದ, ಇದು ಉಣುಗಿನಿಂದ. ಸೋಂಕುಗಳಲ್ಲಿ ಹರಡುವ ದಾರಿ ನೋಡಿ ಮಾಡುವ ಈ ಒಳಗುಂಪೇ ನಮಗೆ ಜಾಸ್ತಿ ಉಪಯೋಗಕ್ಕೆ ಬರೋದು ಅಂತ ನನ್ನ ಅಭಿಪ್ರಾಯ. ಮಂಗನ ಕಾಯಿಲೆ ಬಂದವರನ್ನು ಮನೆಯಲ್ಲಿ ದೂರ ಇಡಬೇಕಿಲ್ಲ. ಕಾಡಿಗೆ ಸೌದೆ, ತರಗೆಲೆ ತರಲು ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಉಣುಗು ತಡೆಯುವ ಎಣ್ಣೆ ಹಚ್ಚಿಕೊಂಡು, ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಅದೇ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಅಂತ ಊರಿದೆ. 1970ರ ದಶಕದಲ್ಲಿ ಅಲ್ಲಿನ ಜನರಲ್ಲಿ ಸೊಂಟ, ಮಂಡಿಯ ವಿಪರೀತ ನೋವು ಕಾಣಿಸಿತು. ಕೆಲವರಿಗೆ ನಡೆಯುವುದೇ ಕಷ್ಟವಾಯಿತು, ಕೆಲವರು ಕುಳ್ಳಗೇ ಉಳಿದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದಿದ್ದೇ ಕಾರಣ ಅನ್ನೋದು ಮೊದಲಿನ ಗುಮಾನಿ. ಆಮೇಲೆ ಕುಟುಂಬಗಳ ತಲೆಮಾರುಗಳನ್ನು ಹಿಡಿದು ನೋಡಿದಾಗ ಇದು ವಂಶವಾಹಿಯ ದೋಷದಿಂದ ಬರುವ ಕಾಯಿಲೆ ಅನ್ನೋದು ಕಂಡುಬಂತು. ವಿಷದ ಕಾಯಿಲೆ ಆಗಿದ್ದರೆ ಗದ್ದೆಗೆ ಮದ್ದು ಹೊಡೆಯೋದು ನಿಲ್ಲಿಸಬೇಕಿತ್ತು. ವಂಶವಾಹಿಯದ್ದಾದರೆ ಕುಟುಂಬದವರಿಗೆ ತಿಳಿಹೇಳಬೇಕು, ಕೀಲುಗಳಿಗೆ ಚಿಕಿತ್ಸೆ ಕೊಡಬೇಕು, ದುಡಿಯಲಾಗದವರಿಗೆ ಆಸರೆ ಬೇಕು. ಇದು ಹೆಚ್ಚಾಗಿ ಕಂಡದ್ದು ಕೂಲಿ ಮಾಡಿ ಬದುಕುವ ಬಡ ದಲಿತ ಕುಟುಂಬಗಳಲ್ಲಿ. ಕಾರಣ ತಿಳಿಯಲು ಅವರು ವರ್ಷಗಟ್ಟಲೆ ಕಾಯಬೇಕಾಯಿತು ಅನ್ನೋದು ನನಗೆ ತುಂಬಾ ನೋವಿನ ವಿಷಯ.

ಇನ್ನು ಕೊರತೆಯ ಕಾಯಿಲೆಗಳಿವೆ. ಅಯೋಡಿನ್ ಸಾಲದೆ ಬರುವ ಗಳಗಂಡ ಅಂಥದ್ದು. ಜಾಸ್ತಿಯಾದರೂ ಕಷ್ಟವೇ: ಕೋಲಾರ, ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಹಾಳು ಮಾಡಿದೆ. ಸಕ್ಕರೆ ಕಾಯಿಲೆ, ಬಿಪಿಗೆ ಒಂದೇ ಕಾರಣ ಇರಲ್ಲ, ವಂಶ, ಊಟ, ತೂಕ ಎಲ್ಲ ಸೇರುತ್ತವೆ.

ಗುಂಪುಗಳ ನಡುವಿನ ಗೆರೆ ಗಟ್ಟಿಯೇನಲ್ಲ. ಕ್ಯಾನ್ಸರ್ ಅಂದರೆ ಹರಡದ ಕಾಯಿಲೆ ಅಂತ ಓದಿರುತ್ತೇವೆ. ಆದರೆ ಗರ್ಭಕಂಠದ ಕ್ಯಾನ್ಸರ್ ಬಹುಪಾಲು ಬರೋದು ಎಚ್‌ಪಿವಿ ಅನ್ನುವ ವೈರಸ್‌ನಿಂದ, ಆ ವೈರಸ್ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಇದನ್ನು ತೋರಿಸಿಕೊಟ್ಟ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗರ್ಭಕಂಠದ ಕ್ಯಾನ್ಸರ್ ಇವತ್ತಿಗೂ ಕ್ಯಾನ್ಸರ್ ಅಧ್ಯಾಯದಲ್ಲೇ ಇದೆ, ಆದರೆ ಅದನ್ನು ತಡೆಯೋಕೆ ಲಸಿಕೆ ಇದೆ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ದಯವಿಟ್ಟು ವೈದ್ಯರ ಹತ್ತಿರ ಅದರ ಬಗ್ಗೆ ವಿಚಾರಿಸಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.