ಗಿಡದ ಹೆಸರಿನ ಎರಡನೇ ಪದ

ಕೇಳುಗರಿಗೆಲ್ಲ ನಮಸ್ಕಾರ.

ತಂಗಡಿ ಗಿಡ ನಮ್ಮ ಚಿತ್ರದುರ್ಗದವರಿಗೆ ಹೊಸದೇನಲ್ಲ. ಚಳ್ಳಕೆರೆ ರಸ್ತೆಯ ಬದಿಗೆ, ಹಿರಿಯೂರು ಕಡೆಯ ಹೊಲದ ಬದುವಿಗೆ, ಬಂಡೆಗಳ ಸಂದಿಗೆ, ಎಲ್ಲೆಂದರಲ್ಲಿ ಬೆಳೆದಿರುತ್ತದೆ. ಕೆಲವರು ಆವರಿಕೆ ಅಂತಾರೆ. ನೋಡಿದವರ ಕಣ್ಣು ಅದರ ಹಳದಿ ಹೂವಿಗೇ ಹೋಗುತ್ತದೆ. ಆದರೆ ಇದಕ್ಕೆ ಸಸ್ಯಶಾಸ್ತ್ರದ ಹೆಸರಿಟ್ಟವರು ಹೂವಿನ ಸುದ್ದಿಗೇ ಹೋಗಿಲ್ಲ. ಇದರ ಹೆಸರು ಸೆನ್ನಾ ಆರಿಕ್ಯುಲೇಟಾ. ಆರಿಕ್ಯುಲೇಟಾ ಅಂದರೆ ಕಿವಿ ಇರುವಂಥದ್ದು.

ಗಿಡಕ್ಕೆ ಎಲ್ಲಿಯ ಕಿವಿ? ಎಲೆಯ ತೊಟ್ಟು ಕೊಂಬೆಗೆ ಸೇರುವ ಜಾಗವನ್ನು ನೋಡಿ. ಅಲ್ಲಿ ಅಗಲವಾದ, ದುಂಡನೆಯ ಎರಡು ಹಸಿರು ಪುಟ್ಟ ಎಲೆಗಳಿರುತ್ತವೆ. ತೊಟ್ಟಿನ ಆ ಕಡೆ ಒಂದು, ಈ ಕಡೆ ಒಂದು. ಅವೇ ಕಿವಿ. ಹೂವಿಲ್ಲದ ಕಾಲದಲ್ಲೂ ಇದನ್ನು ನೋಡಿಯೇ ತಂಗಡಿಯನ್ನು ಗುರುತಿಸಬಹುದು.

ಲ್ಯಾಟಿನ್ ಹೆಸರು ಅಂದ ಕೂಡಲೇ ಶಾಲೆಯ ಬಾಯಿಪಾಠ ನೆನಪಾಗಿ ಬೇಜಾರಾಗುತ್ತದೆ, ಅಲ್ವಾ? ಅರ್ಥ ಹೇಳಿಕೊಡದೆ ಬರೀ ಸ್ಪೆಲ್ಲಿಂಗ್ ಕಲಿಸಿದರೆ ಹಾಗೇ ಆಗುವುದು. ನನಗೆ ಇದು ನಿಜಕ್ಕೂ ನೋವಿನ ವಿಷಯ. ಯಾಕೆಂದರೆ ಆ ಎರಡನೇ ಪದ, ಯಾರೋ ಒಬ್ಬರು ಗಿಡದ ಪಕ್ಕ ಕೂತು ನೋಡಿ ಬರೆದಿಟ್ಟ ಗುರುತು. ಗಿಡದಲ್ಲಿ ಏನನ್ನು ನೋಡಬೇಕು ಅನ್ನುವುದನ್ನು ಅದು ಹೇಳುತ್ತದೆ.

ಈ ಎರಡು ಪದಗಳ ಪದ್ಧತಿಯನ್ನು ಎಲ್ಲ ಗಿಡಗಳಿಗೂ ಒಂದೇ ಸಮ ಬಳಸಿದವರು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್. 1753ರಲ್ಲಿ ಬಂದ ಅವರ ‘ಸ್ಪೀಶೀಸ್ ಪ್ಲಾಂಟೇರಮ್’ ಪುಸ್ತಕದಿಂದಲೇ ಇವತ್ತಿಗೂ ಸಸ್ಯಗಳ ಹೆಸರಿನ ಲೆಕ್ಕ ಶುರುವಾಗುತ್ತದೆ. ಅದಕ್ಕೂ ಮುಂಚೆ ಹೆಸರು ಅಂದರೆ ಲ್ಯಾಟಿನ್‌ನಲ್ಲಿ ಒಂದು ಸಾಲು ವರ್ಣನೆ. ಲಿನೇಯಸ್ ಅದನ್ನು ಎರಡು ಪದಕ್ಕೆ ಇಳಿಸಿದರು. ಮೊದಲನೆಯದು ಗಿಡ ಯಾವ ಬಳಗದ್ದು ಅಂತ ಹೇಳುತ್ತದೆ, ಅದು ಜೀನಸ್. ಆ ಬಳಗದಲ್ಲಿ ಇದು ಯಾವುದು ಅಂತ ಹೇಳುವುದು ಎರಡನೆಯದು.

ನಮ್ಮ ಒಣ ಗುಡ್ಡಗಳಲ್ಲಿ ಬಂದರಿಕೆ ಪೊದೆ ತುಂಬಾ ಇದೆ. ಅದು ಡೊಡೋನಿಯಾ ವಿಸ್ಕೋಸಾ. ವಿಸ್ಕೋಸಾ ಅಂದರೆ ಅಂಟಂಟು. ಎಳೆ ಚಿಗುರನ್ನು ಬೆರಳಲ್ಲಿ ಉಜ್ಜಿದರೆ ಸಾಕು, ಹೆಸರು ಯಾಕೆ ಬಂತು ಅಂತ ತಿಳಿಯುತ್ತದೆ. ಬಿಳಿಜಾಲಿಯದಂತೂ ನನಗೆ ತುಂಬಾ ಇಷ್ಟವಾದ ಹೆಸರು. ಅದು ಲ್ಯೂಕೋಫ್ಲಿಯಾ, ಅಂದರೆ ಬಿಳಿ ತೊಗಟೆಯದು. ಗ್ರೀಕ್ ಪದ ಕೂಡಿಸಿ ಹೆಸರಿಟ್ಟ ವಿದ್ವಾಂಸರೂ ಆ ತೊಗಟೆಯನ್ನೇ ನೋಡಿದರು, ಕುರಿ ಮೇಯಿಸುವ ನಮ್ಮ ಜನರೂ ಅದನ್ನೇ ನೋಡಿದರು.

ಇನ್ನು ಕಮರ. ಬಲು ಗಟ್ಟಿ ಮರ, ಕೊಡಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಇದು ಹಾರ್ಡ್‌ವಿಕಿಯಾ ಬೈನೇಟಾ. ಮೊದಲ ಪದ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಥಾಮಸ್ ಹಾರ್ಡ್‌ವಿಕ್ ಅವರ ನೆನಪಿಗೆ ಇಟ್ಟದ್ದು, ಅದರಿಂದ ಮರದ ಬಗ್ಗೆ ಏನೂ ತಿಳಿಯುವುದಿಲ್ಲ. ಎರಡನೆಯದು ತಿಳಿಸುತ್ತದೆ. ಬೈನೇಟಾ ಅಂದರೆ ಜೋಡಿ. ಸುಮ್ನೆ ನೋಡಿದರೆ ಒಂದೇ ಎಲೆ ನಡುವೆ ಸೀಳಿದ ಹಾಗೆ ಕಾಣುತ್ತದೆ. ಕೈಗೆ ತೆಗೆದುಕೊಂಡು ಬುಡವನ್ನು ನೋಡಿ. ಎರಡು ಬೇರೆ ಬೇರೆ ಎಲೆಗಳು ಒಂದೇ ತೊಟ್ಟಿನ ತುದಿಗೆ ಕೂತಿವೆ, ಅವೆರಡರ ನಡುವೆ ಕೂದಲಿನಷ್ಟು ಸಣ್ಣ ಎಳೆಯೊಂದಿದೆ.

ಶೇಂಗಾ ಬೆಳೆಯುವವರು ಈ ಕಾರ್ಯಕ್ರಮ ಕೇಳುತ್ತಿದ್ದರೆ ಅವರಿಗೊಂದು ಹೆಸರು ಹೇಳಲೇಬೇಕು. ಎಣ್ಣೆ ಗಿರಣಿಗಳ ಊರು ಚಳ್ಳಕೆರೆ ಹೆಸರಾದದ್ದೇ ಈ ಬೆಳೆಯಿಂದ. ಇದು ಅರಾಕಿಸ್ ಹೈಪೋಜಿಯಾ. ಹೈಪೋಜಿಯಾ ಅಂದರೆ ನೆಲದಡಿಯದು. ಗೆಣಸು, ಆಲೂಗಡ್ಡೆಯೂ ನೆಲದಡಿಯವೇ ಅಲ್ವಾ ಅಂತ ನೀವು ಕೇಳಬಹುದು. ಆದರೆ ಗೆಣಸು ಬೇರು, ಆಲೂಗಡ್ಡೆ ಕಾಂಡ. ಶೇಂಗಾ ನಿಜವಾದ ಕಾಯಿ, ಹೂವಿನಿಂದಲೇ ಆದದ್ದು. ಹಳದಿ ಹೂ ಮಣ್ಣಿನ ಮೇಲೆ ಅರಳುತ್ತದೆ. ಹೂ ಬಾಡಿದ ಮೇಲೆ ಅದರ ಬುಡದಿಂದ ದಾರದಂಥ ಕಡ್ಡಿಯೊಂದು ಹೊರಟು, ಕೆಳಗೆ ಬಾಗಿ, ಮಣ್ಣಿನೊಳಗೆ ಇಳಿಯುತ್ತದೆ. ಅದರ ತುದಿ ಕತ್ತಲೆಗೆ ಹೋದ ಮೇಲೆಯೇ ಕಾಯಿ ದಪ್ಪವಾಗುವುದು. ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನಿಂದಲ್ಲ, ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳುತ್ತದೆ. ಹೂ ಬಿಡುವ ಹೊತ್ತಿಗೆ ಗಿಡದ ಬುಡಕ್ಕೆ ಜಿಪ್ಸಮ್ ಹಾಕಿ, ಮಣ್ಣು ಸಡಿಲ ಮಾಡಿ ಅಂತ ಕೃಷಿ ಇಲಾಖೆಯವರು ಹೇಳುವುದು ಇದಕ್ಕೇ. ಬೇಸಾಯದ ಇಷ್ಟು ದೊಡ್ಡ ಗುಟ್ಟು ಆ ಒಂದು ಪದದಲ್ಲೇ ಇದೆ.

ಹಾಗಂತ ಎಲ್ಲ ಹೆಸರನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಇಂಡಿಕಾ ಅಂದರೆ ಭಾರತದ್ದು. ಬೇವಿಗೆ ಅಜಾಡಿರಾಕ್ಟಾ ಇಂಡಿಕಾ ಅಂದದ್ದು ಸರಿಯಾಗಿದೆ. ಹುಣಸೆಗೂ ಟ್ಯಾಮರಿಂಡಸ್ ಇಂಡಿಕಾ ಅಂತಲೇ ಇದೆ. ಅರಬ್ಬರು ಅದನ್ನು ಹಿಂದೂಸ್ತಾನದ ಖರ್ಜೂರ ಅಂತ ಕರೆಯುತ್ತಿದ್ದರು, ಟ್ಯಾಮರಿಂಡಸ್ ಬಂದದ್ದೂ ಅಲ್ಲಿಂದಲೇ. ಆದರೆ ಹುಣಸೆಯ ತವರು ಆಫ್ರಿಕಾ. ಮೆಣಸಿನಕಾಯಿಗೆ ಕ್ಯಾಪ್ಸಿಕಂ ಆನ್ಯುಅಮ್ ಅಂತ ಹೆಸರು, ಅಂದರೆ ಒಂದೇ ವರ್ಷ ಬಾಳುವುದು. ಯುರೋಪಿನ ಚಳಿಗೆ ಅದು ವರ್ಷದೊಳಗೇ ಸಾಯುತ್ತದೆ. ನಮ್ಮ ಹಿತ್ತಲಲ್ಲಿ ನೀರು ಹಾಕಿ ನೋಡಿಕೊಂಡರೆ ಮರುವರ್ಷವೂ ಕಾಯಿ ಬಿಡುತ್ತದೆ. ಗೋರಂಟಿಗೆ ಇನರ್ಮಿಸ್, ಅಂದರೆ ಮುಳ್ಳಿಲ್ಲದ್ದು. ಹಳೇ ಗೋರಂಟಿ ಬೇಲಿಗೆ ಕೈ ಹಾಕಿದವರಿಗೆ ಮುಳ್ಳು ಇದೆಯೋ ಇಲ್ಲವೋ ಗೊತ್ತು. ಅರ್ಥ ಹೊಂದುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಹೆಸರನ್ನು ತೆಗೆದು ಹಾಕುವಂತಿಲ್ಲ, ನಿಯಮವೇ ಹಾಗಿದೆ. ಅದು ಒಳ್ಳೆಯ ನಿಯಮ ಅಂತಲೇ ನನ್ನ ಅಭಿಪ್ರಾಯ. ಹೆಸರಿಟ್ಟವರು ಗಿಡವನ್ನು ಎಲ್ಲಿ ಕಂಡರು, ಯಾವ ವಯಸ್ಸಿನಲ್ಲಿ ಕಂಡರು ಅನ್ನುವುದಾದರೂ ಉಳಿಯುತ್ತದೆ.

ಇವೆಲ್ಲ ಲ್ಯಾಟಿನ್ ಹೆಸರು ಅಂತ ಕರೆದರೂ ಎಲ್ಲವೂ ಲ್ಯಾಟಿನ್ ಪದಗಳಲ್ಲ. ಬೇಲಿಗೆ ಹಾಕುವ, ಕಡ್ಡಿ ಕಡ್ಡಿಯಾಗಿ ಬೆಳೆಯುವ ಕಳ್ಳಿಯ ಹೆಸರು ಯುಫೋರ್ಬಿಯಾ ತಿರುಕಳ್ಳಿ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ‘ಹಾರ್ಟಸ್ ಮಲಬಾರಿಕಸ್’ ಅನ್ನುವ 12 ಸಂಪುಟಗಳನ್ನು ಸಿದ್ಧಪಡಿಸಿದರು, ಅವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದವು. ಅದಕ್ಕೆ ಗಿಡಗಳ ವಿವರ ಕೊಟ್ಟವರಲ್ಲಿ ಮುಖ್ಯರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು. ಅಲ್ಲಿದ್ದ ಊರ ಹೆಸರುಗಳಲ್ಲಿ ಕೆಲವನ್ನು ಲಿನೇಯಸ್ ಹಾಗೇ ಉಳಿಸಿಕೊಂಡರು. ಹಾಗಾಗಿ ‘ಕಳ್ಳಿ’ ಇವತ್ತು ಜಗತ್ತಿನ ಎಲ್ಲ ಸಸ್ಯಶಾಸ್ತ್ರಜ್ಞರ ಬಾಯಲ್ಲೂ ಇದೆ. ರಾಗಿಯ ಹೆಸರಿನ ಕೊರಕಾನಾ ಕೂಡ ಹಾಗೇ, ಶ್ರೀಲಂಕಾದವರು ರಾಗಿಗೆ ಹೇಳುವ ಕುರಕ್ಕನ್ ಅದು.

ಹೆಸರುಗಳು ಆಗಾಗ ಬದಲಾಗುತ್ತವಲ್ಲ ಅನ್ನುವ ದೂರು ವಿದ್ಯಾರ್ಥಿಗಳಿಂದ ಬರುತ್ತಿರುತ್ತದೆ. ಬದಲಾಗುವುದು ಸಾಮಾನ್ಯವಾಗಿ ಮೊದಲ ಪದ. ತಂಗಡಿ ಮೊದಲು ಕ್ಯಾಸಿಯಾ ಆಗಿತ್ತು, ಈಗ ಸೆನ್ನಾ. ಕರಿಜಾಲಿ, ಬಿಳಿಜಾಲಿ ಎರಡೂ ಅಕೇಶಿಯಾ ಆಗಿದ್ದವು. ಆ ದೊಡ್ಡ ಬಳಗವನ್ನು ಒಡೆಯಬೇಕಾಗಿ ಬಂದಾಗ, 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯಶಾಸ್ತ್ರಜ್ಞರ ಸಮ್ಮೇಳನದಲ್ಲಿ ಅಕೇಶಿಯಾ ಹೆಸರು ಆಸ್ಟ್ರೇಲಿಯಾದ ಗಿಡಗಳ ಪಾಲಾಯಿತು. ನಮ್ಮವು ವ್ಯಾಚೆಲಿಯಾ ಆದವು. ಆದರೆ ಎರಡನೇ ಪದ ಜೊತೆಗೇ ಹೋಯಿತು. ತಂಗಡಿಯ ಕಿವಿಯೂ ಉಳಿಯಿತು, ಬಿಳಿಜಾಲಿಯ ತೊಗಟೆಯೂ ಉಳಿಯಿತು. ಅದಕ್ಕೇ ಹಳೇ ಪುಸ್ತಕದಲ್ಲಿ ಗಿಡ ಹುಡುಕುವಾಗ ಎರಡನೇ ಪದ ಹಿಡಿದು ಹುಡುಕಿ, ಬೇಗ ಸಿಗುತ್ತದೆ.

ಆದರೆ ದಿಂಡಿಗದ ವಿಷಯದಲ್ಲಿ ಈ ಉಪಾಯ ನಡೆಯುವುದಿಲ್ಲ. ಅದು ಆನೋಗೈಸಸ್ ಲ್ಯಾಟಿಫೋಲಿಯಾ ಆಗಿತ್ತು, ಅಂದರೆ ಅಗಲ ಎಲೆಯದು. 2017ರಲ್ಲಿ ಅದನ್ನು ಟರ್ಮಿನೇಲಿಯಾ ಬಳಗಕ್ಕೆ ಸೇರಿಸಿದರು. ಅಲ್ಲಿ ಟರ್ಮಿನೇಲಿಯಾ ಲ್ಯಾಟಿಫೋಲಿಯಾ ಅನ್ನುವ ಬೇರೆ ಮರ ಮೊದಲೇ ಇತ್ತು. ಒಂದೇ ಹೆಸರು ಎರಡು ಮರಕ್ಕೆ ಇರುವಂತಿಲ್ಲ. ಹೀಗಾಗಿ ನಮ್ಮ ದಿಂಡಿಗ ಟರ್ಮಿನೇಲಿಯಾ ಆನೋಗೈಸಿಯಾನಾ ಆಯಿತು. ಹಳೇ ಬಳಗದ ಹೆಸರು ಎರಡನೇ ಪದವಾಗಿ ಬಂದು ಕೂತಿದೆ. ಎರಡು ಪುಸ್ತಕದಲ್ಲಿ ಈ ಎರಡು ಹೆಸರು ಕಂಡರೆ ಗಾಬರಿಯಾಗಬೇಡಿ. ಎರಡೂ ಒಂದೇ ಮರ.

ನಮಸ್ಕಾರ.